ಆರೋಗ್ಯ ಚಿಂತನ: ನಿಗಾ ಘಟಕದ ರೋಗಿಗೆ ಕೈಯ ನೆರವು



ಮನೆಯಲ್ಲಿ ಯಾರಿಗಾದರೂ ಮೈಕೈ ನೋವೆಂದರೆ ನಾವು ಮೊದಲು ಹುಡುಕುವುದು ಎಣ್ಣೆಯ ಬಟ್ಟಲನ್ನು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಬಾಣಂತಿಯ ಸೊಂಟ ನೀವುವುದು, ಹೊಲದಿಂದ ದಣಿದು ಬಂದ ಹಿರಿಯರ ಕಾಲೊತ್ತುವುದು, ಇವೆಲ್ಲ ನಾವು ನೋಡಿ ಕಲಿತ, ಮಾಡಿ ತಿಳಿದ ವಿದ್ಯೆಗಳು. ಆದರೆ ಅದೇ ಹಿರಿಯರು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮಲಗಿದಾಗ ನಮ್ಮ ಕೈಗಳಿಗೆ ಕೆಲಸವೇ ಇಲ್ಲದಂತಾಗುತ್ತದೆ. ಬಾಯಲ್ಲಿ ಕೊಳವೆ, ಕೈಯಲ್ಲಿ ಸೂಜಿ, ಎದೆಯ ಮೇಲೆ ತಂತಿಗಳು. ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು ಎಂಬುದೇ ತಿಳಿಯದು.

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುವರ್ಗದ ಹಿರಿಯರೊಬ್ಬರು ಶಸ್ತ್ರಚಿಕಿತ್ಸೆಯಾಗಿ ನಿಗಾ ಘಟಕದಲ್ಲಿದ್ದರು. ಭೇಟಿಯ ವೇಳೆಯಲ್ಲಿ ಒಳಗೆ ಹೋದ ನಾವು, ಮನೆಯ ರೂಢಿಯಂತೆ ಅವರ ಮೀನಖಂಡವನ್ನು ಒತ್ತತೊಡಗಿದೆವು. ದಾದಿಯೊಬ್ಬರು ಓಡಿ ಬಂದು, "ಕಾಲು ಒತ್ತಬೇಡಿರಿ" ಎಂದು ತಡೆದರು. ನಮಗೆ ನೋವಾಯಿತು, ಸೇವೆಗೂ ಅಡ್ಡಿಯೇ ಎನಿಸಿತು. ಆ ತಾಯಿ ನಮ್ಮ ಮುಖ ನೋಡಿ, "ಸೂಜಿಯಿಲ್ಲದ ಈ ಕೈಯನ್ನು ಹಿಡಿದುಕೊಳ್ಳಿರಿ, ಮೆಲ್ಲಗೆ ನೀವಿರಿ" ಎಂದರು. ಅವರು ಅಂದು ಬೇಡವೆಂದದ್ದೂ ಸರಿ, ಬೇಕೆಂದದ್ದೂ ಸರಿ ಎಂಬುದು ಅನಂತರ ನಾಲ್ಕು ಜನ ವೈದ್ಯರನ್ನು ಕೇಳಿ, ಓದಿ ತಿಳಿದ ಮೇಲೆ ನಮಗೆ ಮನವರಿಕೆಯಾಯಿತು.

ಮೊದಲು ರೋಗಿಯ ಸ್ಥಿತಿಯನ್ನು ಅರಿಯಬೇಕು. ನಿಗಾ ಘಟಕದಲ್ಲಿ ನೋವು ಕಾಯಿಲೆಯಿಂದ ಮಾತ್ರ ಬರುವುದಲ್ಲ. ಮಗ್ಗುಲು ಬದಲಿಸುವುದು, ಗಂಟಲಿನ ಕಫ ಹೀರುವುದು, ಅಪಧಮನಿಗೆ ಸೂಜಿ ಹಾಕುವುದು, ಎದೆಯ ಕೊಳವೆ ತೆಗೆಯುವುದು ಇವೂ ನೋವನ್ನು ಕೊಡುತ್ತವೆ. ಉಸಿರಾಟದ ಯಂತ್ರದ ಕೊಳವೆ ಬಾಯಲ್ಲಿರುವಾತ ಅದನ್ನು ಹೇಳಿಕೊಳ್ಳಲಾರ. ಇಂಥವರಿಗಾಗಿ ಕೆನಡಾದ ಸೆಲೀನ್ ಜೆಲಿನಾ ಎಂಬ ಶುಶ್ರೂಷಾ ವಿದ್ವಾಂಸೆ ಮತ್ತು ಅವರ ಸಂಗಡಿಗರು ನೋವನ್ನು ಅಳೆಯುವ ಒಂದು ಕ್ರಮವನ್ನು 2006ರಲ್ಲಿ ಪ್ರಕಟಿಸಿದರು. ಮುಖಭಾವ, ಮೈಯ ಚಲನೆ, ಸ್ನಾಯುಗಳ ಬಿಗಿತ, ಯಂತ್ರದ ಉಸಿರಿಗೆ ಹೊಂದಿಕೊಳ್ಳುವ ಬಗೆ ಈ ನಾಲ್ಕಕ್ಕೂ 0ಯಿಂದ 2ರವರೆಗೆ ಅಂಕ, ಒಟ್ಟು 8. ಕೊಳವೆ ಇಲ್ಲದವರಲ್ಲಿ ಯಂತ್ರದ ಬದಲು ನರಳಿಕೆಯನ್ನು ಗಮನಿಸುತ್ತಾರೆ. ನಾವಾದರೋ ತೆರೆಯ ಮೇಲೆ ಓಡುವ ನಾಡಿಮಿಡಿತದ ಅಂಕಿಗಳನ್ನೇ ದಿಟ್ಟಿಸುತ್ತಿರುತ್ತೇವೆ. ಆ ಅಂಕಿಗಳೊಂದೇ ನೋವಿನ ಅಳತೆಯಾಗವು. ಗಂಟಿಕ್ಕಿದ ಹುಬ್ಬು, ಬಿಗಿದ ಮುಷ್ಟಿ ಹೆಚ್ಚು ಹೇಳುತ್ತವೆ. ಅವರ ಮುಖವನ್ನು ನಲವತ್ತು ವರ್ಷ ಕಂಡ ಪತ್ನಿಗೆ, ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ. ಕಂಡದ್ದನ್ನು ದಾದಿಗೆ ಹೇಳುವುದು ದೂರು ಹೇಳಿದಂತಲ್ಲ; ಅದೂ ಶುಶ್ರೂಷೆಯೇ.

ನೋವಿಗೆ ಅಲ್ಲಿ ಮುಖ್ಯ ಉಪಾಯ ಔಷಧಿ: ಮಾರ್ಫಿನ್, ಫೆಂಟಾನಿಲ್ ಮುಂತಾದವು. ಅವು ಬೇಕೇ ಬೇಕು. ಆದರೆ ಪ್ರಮಾಣ ಏರಿದಂತೆ ಮಂಪರು, ಮಲಬದ್ಧತೆ, ಉಸಿರಾಟದ ಕುಗ್ಗುವಿಕೆ ಇವೂ ಬೆನ್ನಟ್ಟಿ ಬರುತ್ತವೆ. ಆದುದರಿಂದಲೇ ಔಷಧಿಯ ಜೊತೆಗೆ ಬೇರೆ ನೆರವುಗಳನ್ನೂ ವೈದ್ಯರು ಅರಸುತ್ತಾರೆ. ಅಮೆರಿಕದ 'ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್' 2018ರಲ್ಲಿ ಹೊರತಂದ ಮಾರ್ಗಸೂಚಿಯು ನಿಗಾ ಘಟಕದ ವಯಸ್ಕ ರೋಗಿಗಳ ನೋವಿಗೆ ಅಂಗಮರ್ದನವನ್ನು ನೀಡಬಹುದೆಂದು ಸೂಚಿಸಿತು. ಅದು ಪರಿಶೀಲಿಸಿದ ಅಧ್ಯಯನಗಳಲ್ಲಿ ಬೆನ್ನು, ಪಾದ, ಕೈಗಳನ್ನು, ಕೆಲವೆಡೆ ಕೈಗಳನ್ನು ಮಾತ್ರ, 10ರಿಂದ 30 ನಿಮಿಷಗಳವರೆಗೆ, ದಿನಕ್ಕೆ ಒಂದೆರಡು ಬಾರಿ ನೀವಲಾಗಿತ್ತು. ಒಂದು ಮಾತನ್ನು ಮರೆಮಾಚಬಾರದು. ಈ ಸೂಚನೆ ಷರತ್ತಿನದು. ಅದರ ಹಿಂದಿನ ಪುರಾವೆ ಬಲವಾದುದಲ್ಲವೆಂದು ಅದೇ ಮಾರ್ಗಸೂಚಿ ಒಪ್ಪಿಕೊಂಡಿದೆ. ನೋವು ಮಾಯವಾಗುವುದಿಲ್ಲ, ಕೊಂಚ ಇಳಿಯುತ್ತದೆ. ಮಾತಿಲ್ಲದೆ ಮಲಗಿದವರಿಗೆ ಆ ಕೊಂಚವೂ ಸಣ್ಣದಲ್ಲ.

ನೀವಿದರೆ ನೋವೇಕೆ ಇಳಿಯಬೇಕು? ಬಾಗಿಲಿಗೆ ಮೊಣಕೈ ಬಡಿದಾಗ ನಾವು ತಟ್ಟನೆ ಅದನ್ನು ಉಜ್ಜಿಕೊಳ್ಳುತ್ತೇವಲ್ಲವೆ? 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಬಾಗಿಲಿನಂತಹ ಏರ್ಪಾಡೊಂದಿದೆ. ಸ್ಪರ್ಶದ ಸುದ್ದಿ ತರುವ ದಪ್ಪ ನರತಂತುಗಳು ಚುರುಕಾದರೆ ನೋವಿನ ಸುದ್ದಿ ಮೆದುಳಿಗೆ ಏರುವುದು ಕುಗ್ಗುತ್ತದೆ ಎಂದು. ವಿವರಗಳಲ್ಲಿ ಮುಂದೆ ತಿದ್ದುಪಡಿಗಳಾದರೂ ಮೂಲ ಹೊಳಹು ಉಳಿದಿದೆ. ಇದಲ್ಲದೆ, ರೋಮವಿರುವ ಚರ್ಮದಲ್ಲಿ ಮೃದುವಾದ ನಿಧಾನ ಸ್ಪರ್ಶಕ್ಕೆಂದೇ ಓಗೊಡುವ ಸೂಕ್ಷ್ಮ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರಿನಷ್ಟು ನಿಧಾನವಾಗಿ ಸವರಿದಾಗ ಅವು ಚೆನ್ನಾಗಿ ಸ್ಪಂದಿಸುತ್ತವೆ. ತಾಯಿ ಮಗುವಿನ ಬೆನ್ನು ಸವರುವ ವೇಗ ಹೆಚ್ಚುಕಡಿಮೆ ಅದೇ.

ಇನ್ನು ಮಾಡಬೇಕಾದುದೇನು?

ಮೊದಲನೆಯದು, ಕೇಳುವುದು. ವೈದ್ಯರ ಅಥವಾ ದಾದಿಯ ಅಪ್ಪಣೆಯಿಲ್ಲದೆ ಕೈಯಿಡಬಾರದು. ರೋಗಿಗೆ ಎಚ್ಚರವಿದ್ದರೆ ಅವರನ್ನೂ ಕೇಳಬೇಕು, ತಲೆಯಾಡಿಸಿದರೂ ಸಾಕು. ಎಚ್ಚರವಿಲ್ಲದಿದ್ದರೂ, "ಅಪ್ಪಾಜಿ, ನಾನು ಬಂದಿದ್ದೇನೆ, ಕೈ ಹಿಡಿಯುತ್ತೇನೆ" ಎಂದು ಹೇಳಿಯೇ ಮುಟ್ಟಬೇಕು.

ಎರಡನೆಯದು, ಶುಚಿತ್ವ. ಉಂಗುರ, ಬಳೆ, ಗಡಿಯಾರ ತೆಗೆದು, ಸಾಬೂನಿನಿಂದ ಕೈ ತೊಳೆದು, ಉಗುರು ಚಿಕ್ಕದಾಗಿರಿಸಿ ಹೋಗಬೇಕು. ಮನೆಯ ಎಣ್ಣೆಯ ಸೀಸೆಯನ್ನು ಕೇಳದೆ ಒಯ್ಯಬಾರದು. ಎಣ್ಣೆಯ ಜಿಡ್ಡಿನಿಂದ ಸೂಜಿ, ತಂತಿಗಳನ್ನು ಹಿಡಿದ ಅಂಟುಪಟ್ಟಿ ಕಳಚುವುದುಂಟು.

ಮೂರನೆಯದು, ಸ್ಥಳ. ಸೂಜಿಯಿಲ್ಲದ ಕೈಯ ಅಂಗೈ, ಹಿಂಗೈ, ಬೆರಳುಗಳು ಸಾಕು. ಅಂಗೈಯ ನಡುವಿನಿಂದ ಬೆರಳ ತುದಿಗೆ ಮೆಲ್ಲಗೆ ನೀವುತ್ತ ಐದು ನಿಮಿಷದಿಂದ ತೊಡಗಬಹುದು. ಹುಬ್ಬು ಗಂಟಿಕ್ಕಿದರೆ, ಕೈ ಹಿಂದೆಳೆದುಕೊಂಡರೆ ಕೂಡಲೇ ನಿಲ್ಲಿಸಬೇಕು.

ಮಾಡಬಾರದುದನ್ನು ಇನ್ನೂ ಒತ್ತಿ ಹೇಳಬೇಕಾಗಿದೆ. ಬಹುದಿನ ಮಲಗಿದವರ ಕಾಲಿನ ಒಳರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ಬಲವಾಗಿ ಒತ್ತಿದರೆ ಆ ಹೆಪ್ಪು ಸಡಿಲಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಎರವಾಗಬಹುದು. ಅಂದು ಆ ದಾದಿ ನಮ್ಮನ್ನು ತಡೆದದ್ದು ಈ ಕಾರಣಕ್ಕೆ. ಪಾದಗಳನ್ನು ನೀವುವುದು ತರಬೇತಿ ಪಡೆದವರಿಗೆ, ವೈದ್ಯರು ಪರೀಕ್ಷಿಸಿ ಒಪ್ಪಿದ ಮೇಲೆ ಬಿಟ್ಟ ವಿಷಯ. ಮೂಳೆ ಮುರಿದೆಡೆ, ಸುಟ್ಟ ಗಾಯ, ಹೊಲಿಗೆ, ಸೋಂಕಿನಿಂದ ಕೆಂಪಾದ ಚರ್ಮ, ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ತೋಳು, ಇವನ್ನು ಮುಟ್ಟಲೇಬಾರದು. ಪ್ಲೇಟ್‌ಲೆಟ್ ಕಡಿಮೆಯಿರುವವರಿಗೆ ಮೆಲ್ಲಗೆ ಒತ್ತಿದರೂ ರಕ್ತ ಕಂದಬಹುದು. ಕೈ ನೀವುತ್ತಿದ್ದೇವೆಂದು ಔಷಧಿ ಕಡಿಮೆ ಮಾಡಿರೆಂದು ಕೇಳುವುದೂ ತಪ್ಪು. ಅದು ವೈದ್ಯರ ನಿರ್ಧಾರ.

ತೀವ್ರ ನಿಗಾ ಘಟಕದ ಚರಿತ್ರೆಯಲ್ಲಿ ನೆನೆಯತಕ್ಕ ಸಂಗತಿಯೊಂದುಂಟು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಪಿಡುಗು ಹಬ್ಬಿ ಅನೇಕರ ಉಸಿರಾಟವೇ ನಿಲ್ಲತೊಡಗಿತು. ಸಾಕಷ್ಟು ಯಂತ್ರಗಳಿರಲಿಲ್ಲ. ವೈದ್ಯ ಬ್ಯೋರ್ನ್ ಇಬ್ಸೆನ್ ತೋರಿದ ವಿಧಾನದಂತೆ ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ಹಾಸಿಗೆಯ ಬಳಿ ಕುಳಿತು, ರಬ್ಬರಿನ ಚೀಲವನ್ನು ಕೈಯಿಂದ ಒತ್ತೊತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಅದರ ಮರುವರ್ಷವೇ ಇಬ್ಸೆನ್ನರು ಅದೇ ನಗರದಲ್ಲಿ ನಿಗಾ ಘಟಕವನ್ನು ತೆರೆದರು. ಇಂದು ಆ ಕೆಲಸವನ್ನು ಯಂತ್ರ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಕೈ ಹಿಡಿದು ಕುಳಿತುಕೊಳ್ಳುವ ಕೆಲಸವನ್ನು ಮಾತ್ರ ಅದು ನಮಗೇ ಬಿಟ್ಟಿದೆ.

ನಮ್ಮ ಆ ಹಿರಿಯರು ಗುಣಮುಖರಾಗಿ ಮನೆಗೆ ಬಂದರು. ಅಲ್ಲಿನ ದಿನಗಳ ನೆನಪು ಅವರಿಗೆ ಹೆಚ್ಚಾಗಿ ಉಳಿದಿಲ್ಲ. "ಯಾರೋ ಎಡಗೈ ಹಿಡಿದಿದ್ದರು" ಎಂದಷ್ಟೇ ಹೇಳುತ್ತಾರೆ. ಯಾರೆಂದು ನಾವು ಹೇಳಲು ಹೋಗಿಲ್ಲ.