“ಅದನ್ನೆಲ್ಲ ಈಗ ಕಂಪ್ಯೂಟರೇ ಮಾಡುತ್ತಂತಲ್ಲ?”



ಯುಗಾದಿ ಊಟದ ದಿನ ನಾನೊಂದು ತಪ್ಪು ಮಾಡಿದೆ. ನನ್ನ ಹೆಂಡತಿಯ ತಂಗಿ ಇಲ್ಲೇ ಮ್ಯೂನಿಕ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಬ್ಯಾಕ್ಟೀರಿಯಾ ಮತ್ತು ಗಿಡಗಳ ಜೀವಕೋಶದ ಪೊರೆಯಲ್ಲಿರುವ ಪ್ರೋಟೀನುಗಳು ಒಂದರೊಡನೊಂದು ಹೇಗೆ ಕೂಡುತ್ತವೆ ಎಂಬುದು ಅವಳ ವಿಷಯ. ಒಬ್ಬರು ಹೋಳಿಗೆ ಬಡಿಸಿಕೊಳ್ಳುತ್ತಾ “ನಾಲ್ಕು ವರ್ಷ ಆಯ್ತಲ್ಲಮ್ಮಾ, ಕೆಲಸ ಯಾವಾಗ?” ಎಂದರು. ನಾನಾದರೂ ಸುಮ್ಮನಿರಬೇಕಿತ್ತು. “ಆಲ್ಫಾಫೋಲ್ಡ್ ಬಂದ ಮೇಲೆ ಅದನ್ನೆಲ್ಲ ಕಂಪ್ಯೂಟರೇ ಮಾಡುತ್ತೆ, ಸಾಫ್ಟ್‌ವೇರ್‌ಗೆ ಬಂದ್ಬಿಡು” ಎಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ವಾಪಸ್ ಬರುವಾಗ ಟ್ರೇನಿನಲ್ಲಿ ಮಾತ್ರ ಕೇಳಿದಳು: “ಭಾವ, ಆ ಕಂಪ್ಯೂಟರ್ ಯಾರ ನೋಟ್ಸ್ ಓದಿ ಪಾಸಾಯ್ತು ಗೊತ್ತಾ?”

ಗೊತ್ತಿರಲಿಲ್ಲ. ಓದಿ ನೋಡಿದೆ. 1971ರಲ್ಲಿ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ 2020ರ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ರಚನೆಗಳಿದ್ದವು. ಎಲ್ಲವೂ ಪ್ರಯೋಗಾಲಯದಲ್ಲಿ ಜನ ಕೂತು ಕಂಡುಹಿಡಿದಂಥವು. ರೂಪಿಸಿದವರಿಗೆ 2024ರಲ್ಲಿ ನೊಬೆಲ್ ತಂದುಕೊಟ್ಟ ಆಲ್ಫಾಫೋಲ್ಡ್ ಕಲಿತದ್ದು ಅದರಿಂದಲೇ!

ಪೊರೆಯ ಪ್ರೋಟೀನ್ ಎಷ್ಟು ಹಟಮಾರಿ ಎಂಬುದನ್ನು ಅವಳು ನಮ್ಮ ಅಡುಗೆಮನೆಯಲ್ಲೇ ತೋರಿಸಿದಳು. ಪೊರೆ ಎಂದರೆ ಜಿಡ್ಡು. ಪ್ರೋಟೀನ್ ಇರುವುದು ಆ ಜಿಡ್ಡಿನೊಳಗೆ. ಹೊರತೆಗೆದು ಬರೀ ನೀರಿಗೆ ಹಾಕಿದರೆ ಮುದ್ದೆಯಾಗಿ ಕೆಡುತ್ತದೆ. ಅದಕ್ಕೇ ಸೋಪಿನಂಥ ಡಿಟರ್ಜೆಂಟ್ ಬೇಕು. ಸೋಪು ಜೋರಾದರೆ ಪ್ರೋಟೀನೇ ಹಾಳು, ಮೆದುವಾದರೆ ಜಿಡ್ಡು ಬಿಡದು. ಸರಿಯಾದ ಸೋಪು ಸಿಗಲು ಅವಳಿಗೆ ಹದಿನಾಲ್ಕು ತಿಂಗಳು ಹಿಡಿಯಿತಂತೆ. (ನಾನು ಹದಿನಾಲ್ಕು ನಿಮಿಷ ಬಿಲ್ಡ್ ಮುಗಿಯದಿದ್ದರೆ ಗೊಣಗುವವನು.)

ಇಂಥ ಪ್ರೋಟೀನನ್ನು ಹರಳು ಮಾಡಲು ಆಗದು ಎಂದೇ ಬಹಳ ಜನ ನಂಬಿದ್ದ ಕಾಲದಲ್ಲಿ ನಮ್ಮ ಪಕ್ಕದ ಮಾರ್ಟಿನ್ಸ್‌ರೀಡ್‌ನಲ್ಲಿ ಹಾರ್ಟ್‌ಮುಟ್ ಮಿಶೆಲ್ ಅದನ್ನು ಮಾಡಿ ತೋರಿಸಿದರು. ಬೆಳಕಿನಿಂದ ಬದುಕುವ ಒಂದು ನೇರಳೆ ಬ್ಯಾಕ್ಟೀರಿಯಾದ ಪ್ರೋಟೀನ್ ಅದು. 1985ರಲ್ಲಿ ಡೈಸನ್‌ಹೋಫರ್, ಹೂಬರ್ ಜೊತೆ ರಚನೆ ಪ್ರಕಟವಾಯಿತು, 1988ರಲ್ಲಿ ಮೂವರಿಗೂ ನೊಬೆಲ್. ಹಸಿರು ಎಲೆ ಬೆಳಕನ್ನು ಹಿಡಿಯುವ ಬಗೆ ತಿಳಿಯಲೂ ಆ ಬ್ಯಾಕ್ಟೀರಿಯಾ ದಾರಿಯಾಯಿತು.

ನನ್ನನ್ನು ನಿಜವಾಗಿ ತಟ್ಟಿದ್ದು ಬೇರೆ. ಚಳ್ಳಕೆರೆ ಕಡೆಯ ನಮ್ಮ ಹೊಲದಲ್ಲಿ ಅಪ್ಪ ಕಡಲೆಕಾಯಿ ಬಿತ್ತುವ ಮುಂಚೆ ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಪುಡಿ ಕಲಸಿ, ನೆರಳಲ್ಲಿ ಒಣಗಿಸುತ್ತಿದ್ದರು. ಬೇರಿನ ಗಂಟಿನಲ್ಲಿ ಆ ಬ್ಯಾಕ್ಟೀರಿಯಾ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ಆದರೆ ಮಣ್ಣಿನಲ್ಲಿ ಅಷ್ಟೊಂದು ಬ್ಯಾಕ್ಟೀರಿಯಾ ಇರುವಾಗ ‘ಇವನು ನಮ್ಮವನು’ ಎಂದು ಗಿಡಕ್ಕೆ ತಿಳಿಯುವುದು ಹೇಗೆ? ಗುರುತಿಸುವುದು ಬೇರಿನ ಕೋಶದ ಪೊರೆಯ ಪ್ರೋಟೀನುಗಳು. ಅಂಥ ಎರಡನ್ನು 2003ರಲ್ಲಿ ಡೆನ್ಮಾರ್ಕಿನವರು ಕಂಡುಹಿಡಿದರು. ಇದೇ ಗುರುತು ಭತ್ತ, ಜೋಳಕ್ಕೂ ಕಲಿಸಬಹುದೇ ಎಂದು ಈಗ ಹಲವರು ಹುಡುಕುತ್ತಿದ್ದಾರೆ. ಆದರೆ ಅಪ್ಪನ ಯೂರಿಯಾ ಲೆಕ್ಕವೇ ಬದಲಾಗುತ್ತದೆ.

ಆಲ್ಫಾಫೋಲ್ಡ್ ದೊಡ್ಡ ಸಾಧನೆಯೇ. ಆದರೆ ಕೋಡ್ ಕಂಪೈಲ್ ಆದರೆ ಕೆಲಸ ಮುಗಿಯಿತು ಎಂದು ನಮ್ಮಲ್ಲಿ ಯಾರಾದರೂ ಹೇಳುತ್ತೇವೆಯೇ? ಜೀವಂತ ಬೇರಿನಲ್ಲಿ ಯಾವುದು ಯಾವುದನ್ನು, ಯಾವಾಗ ಮುಟ್ಟಿತು ಎಂದು ಯಾರಾದರೂ ನೋಡಲೇಬೇಕು. ಆ ‘ಯಾರಾದರೂ’ ನಮ್ಮ ಮನೆಯ ಹುಡುಗಿಯಾದರೆ ನಾವೇ ಮೊದಲು ಕೈ ಹಿಡಿದು ಎಳೆಯುತ್ತೇವೆ. ಮಾರ್ಚ್‌ಗೆ ಅವಳ ಕರಾರು ಮುಗಿಯುತ್ತದೆ. ಮುಂದಿನದು ಅವಳೇ ನಿರ್ಧರಿಸಲಿ, ನಮ್ಮ ನಗೆಗೆ ಹೆದರಿ ಬೇಡ.

ಸಮಿತಿಯವರಲ್ಲಿ ಒಂದು ಕೋರಿಕೆ. ರಾಜ್ಯೋತ್ಸವದ ದಿನ ಮಕ್ಕಳಿಗೆ ‘ಕೆರಿಯರ್ ಗೈಡೆನ್ಸ್’ ಎಂದು ಪ್ರತಿ ವರ್ಷ ನಾವು ಸಾಫ್ಟ್‌ವೇರಿನವರೇ ನಿಲ್ಲುತ್ತೇವೆ (ನಾನೇ ಎರಡು ಸಲ). ಈ ಸಲ ಆ ಅರ್ಧ ಗಂಟೆ ಅವಳಿಗೆ ಕೊಡಿ. ಕೇಳಿದ್ದೇನೆ, ಒಪ್ಪಿದ್ದಾಳೆ. ಪ್ರೊಜೆಕ್ಟರ್ ಬೇಡವಂತೆ, ಒಂದು ಬಟ್ಟಲು ತುಪ್ಪ ಮತ್ತು ಪಾತ್ರೆ ತೊಳೆಯುವ ಸೋಪು ಸಾಕಂತೆ.