ಇಲಿ ಕಲಿಸುವ ತಾಳ್ಮೆ

ಕಾರಣವಿಲ್ಲದೆ ಜೀವ ಅಂಜುತ್ತದೆ, ಎದೆ ಡವಗುಟ್ಟುತ್ತದೆ, ನಿದ್ದೆ ಹತ್ತದು. ಈ ತಕರಾರು ಹೊತ್ತು ಔರಾದಿನಿಂದಲೋ ಭಾಲ್ಕಿಯಿಂದಲೋ ಬಸ್ಸು ಹಿಡಿದು ಬೀದರಿಗೆ ಬಂದವರಿಗೆ ವೈದ್ಯರು ಎಷ್ಟೋ ಸಲ ಖಿನ್ನತೆಯ ಗುಳಿಗೆಯನ್ನೇ ಬರೆದುಕೊಡುತ್ತಾರೆ. ‘ನನಗ ಇರೋದು ಅಂಜಿಕಿ, ಈ ಗುಳಗಿ ಯಾಕ?’ ಎಂಬ ಗುಮಾನಿ ಸಹಜ. ನಾಲ್ಕು ದಿನ ನುಂಗಿದರೂ ಗುಣ ಕಾಣದಿದ್ದರೆ ಐದನೆಯ ದಿನ ಗುಳಿಗೆ ಗೋಡೆಯ ಗೂಡು ಸೇರುತ್ತದೆ.

ಈ ಗುಮಾನಿಗೆ ಉತ್ತರ ಇಲಿಯ ಬಳಿ ಇದೆ.

ಬೀದರಿನ ಗಾಂಧಿ ಗಂಜಿನ ಧಾನ್ಯದ ಅಂಗಡಿಯಲ್ಲಾಗಲಿ, ಪ್ರಯೋಗಾಲಯದಲ್ಲಾಗಲಿ ಇಲಿ ಬಯಲಿಗೆ ಅಂಜಿ ಗೋಡೆಯ ಬದಿಯಲ್ಲೇ ಓಡುತ್ತದೆ. ವಿಜ್ಞಾನಿಗಳು ಈ ಸ್ವಭಾವವನ್ನೇ ಅಳತೆಗೋಲು ಮಾಡಿಕೊಂಡರು. ಕೂಡುವ ಚಿಹ್ನೆಯ ಆಕಾರದ ಹಲಗೆಯೊಂದನ್ನು ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿಟ್ಟರು. ಅದರ ಎರಡು ತೋಳುಗಳಿಗೆ ಗೋಡೆ, ಎರಡು ಬಯಲು. ಐದು ನಿಮಿಷದಲ್ಲಿ ಇಲಿ ಬಯಲು ತೋಳಿನಲ್ಲಿ ಹೆಚ್ಚು ಹೊತ್ತು ಕಳೆದರೆ ಅಂಜಿಕೆ ಇಳಿದಿದೆ ಎಂದರ್ಥ.

1985ರಲ್ಲಿ ಪೆಲೋ, ಫೈಲ್ ಮತ್ತು ಸಂಗಡಿಗರು ಈ ಹಲಗೆಯ ಮೇಲೆ ಔಷಧಗಳನ್ನು ಒರೆಗೆ ಹಚ್ಚಿದರು. ಡಯಾಜೆಪಾಮ್ ಪಡೆದ ಇಲಿಗಳು ಬಯಲಿಗೆ ಬಂದವು. ಕಾಫಿಯಲ್ಲಿರುವ ಕೆಫೀನ್ ಪಡೆದವು ಹಿಂಜರಿದವು. ಖಿನ್ನತೆಯ ಔಷಧ ಪಡೆದವುಗಳಲ್ಲಿ ವಿಶೇಷ ಬದಲಾವಣೆ ಕಾಣಲಿಲ್ಲ.

ಹಾಗಾದರೆ ಆ ಔಷಧ ದಂಡವೇ? ಅಲ್ಲ. ಇಮಿಪ್ರಮೀನ್ ಎಂಬ ಖಿನ್ನತೆಯ ಔಷಧ ದಿಢೀರ್ ಗಾಬರಿಯನ್ನು ತಡೆಯುವುದನ್ನು ಅಮೆರಿಕದ ಡೊನಾಲ್ಡ್ ಕ್ಲೈನ್ 1960ರ ದಶಕದ ಆರಂಭದಲ್ಲೇ ರೋಗಿಗಳಲ್ಲಿ ಕಂಡಿದ್ದರು. ತಪ್ಪಿದ್ದು ಕಾಲದ ಲೆಕ್ಕ. ಇನ್ನೊಂದು ಪರೀಕ್ಷೆಯಲ್ಲಿ ಹಸಿದ ಇಲಿಯನ್ನು ಅಪರಿಚಿತ ಜಾಗದಲ್ಲಿ ಆಹಾರದೊಡನೆ ಬಿಡುತ್ತಾರೆ. ಖಿನ್ನತೆಯ ಔಷಧ ಒಮ್ಮೆ ಮಾತ್ರ ಪಡೆದ ಇಲಿ ತಿನ್ನಲು ಅನುಮಾನಿಸುತ್ತದೆ. ಮೂರು ವಾರ ಪಡೆದದ್ದು ಬೇಗ ಬಾಯಿ ಹಾಕುತ್ತದೆ. ಫ್ಲುಆಕ್ಸೆಟಿನ್‌ನ ಮೊದಲ ಡೋಸಿಗೆ ಇಲಿಗಳ ಅಂಜಿಕೆ ಹೆಚ್ಚಿದ್ದೂ ಉಂಟು. ಈ ಔಷಧ ಮಿದುಳಿನ ಸೆರೊಟೋನಿನ್ನನ್ನು ಗಂಟೆಗಳಲ್ಲೇ ಹೆಚ್ಚಿಸಿದರೂ ನರಕೋಶಗಳು ಅದಕ್ಕೆ ಒಗ್ಗಿಕೊಳ್ಳಲು ವಾರಗಳು ಬೇಕು.

ಡಯಾಜೆಪಾಮ್ ಬೇಗ ಫಲ ಕೊಡುವುದು ನಿಜ. ಆದರೆ ಬಹುಕಾಲ ನುಂಗಿದರೆ ಚಟವಾಗಬಹುದು. ನಿಧಾನದ ಗುಳಿಗೆಯನ್ನು ವೈದ್ಯರು ಆರಿಸುವುದಕ್ಕೆ ಇದೂ ಒಂದು ಕಾರಣ.

ಇಲಿ ಮನುಷ್ಯನಲ್ಲ, ನಿಜ. ಆದರೂ ನಾಲ್ಕೇ ದಿನಕ್ಕೆ ಗುಳಿಗೆ ಬಿಟ್ಟವರು ಔಷಧವನ್ನು ಪರೀಕ್ಷಿಸಿದಂತೆಯೇ ಆಗಲಿಲ್ಲ. ಮೊದಲ ದಿನಗಳಲ್ಲಿ ಚಡಪಡಿಕೆ ಹೆಚ್ಚಿದರೆ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಮತ್ತೆ ಬೀದರಿಗೆ ಬರಲು ಒಂದು ದಿನದ ಕೂಲಿ ಕಳೆದುಕೊಳ್ಳುವವರು 14416ಕ್ಕೆ ಫೋನ್ ಮಾಡಿ ಕೇಳಬಹುದು. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆ ಉಚಿತ.