ಶಾಲೆ ಬಿಟ್ಟ ಮೇಲಿನ ಮೂರು ಗಂಟೆಗಳು

ಹೊರನಾಡಿನ ಕನ್ನಡ ಸಂಘಗಳ ವಾರ್ಷಿಕ ಲೆಕ್ಕಪತ್ರದಲ್ಲಿ ವಿದ್ಯಾಭ್ಯಾಸದ ಬಾಬ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಬಹುಮಾನ, ಬಡ ಮಕ್ಕಳಿಗೆ ಪುಸ್ತಕ, ಚೀಲ: ಇವೆಲ್ಲ ಸ್ತುತ್ಯ ಕಾರ್ಯಗಳೇ. ಆದರೆ ಬಹುಮಾನದ ವೇದಿಕೆಯನ್ನು ಏರುವವರು ಹೇಗೂ ದಡ ಸೇರಿದವರು. ದಾರಿಯಲ್ಲಿಯೇ ಹಿಂದುಳಿಯುವವರು ಆರರಿಂದ ಎಂಟನೆಯ ತರಗತಿಯ ಮಕ್ಕಳು; ಅವರ ಹೆಸರಿನಲ್ಲಿ ಒಂದು ಬಾಬ್ತು ಕಾಣುವುದು ವಿರಳ.

ಹನ್ನೊಂದರಿಂದ ಹದಿನಾಲ್ಕರ ಈ ಪ್ರಾಯ ಬಾಲವಾಡಿಗೆ ದೊಡ್ಡದು, ಸ್ವತಂತ್ರವಾಗಿ ಬಿಡಲು ಚಿಕ್ಕದು. ತಂದೆತಾಯಿಗಳಿಬ್ಬರೂ ದುಡಿಯುವ ಮಹಾನಗರದ ಸಂಸಾರದಲ್ಲಿ ಶಾಲೆ ಬಿಟ್ಟ ಮೇಲಿನ ಮೂರು ಗಂಟೆಗಳನ್ನು ಮಗು ಬೀಗ ಹಾಕಿದ ಖೋಲಿಯಲ್ಲಿಯೋ ಬೀದಿಯಲ್ಲಿಯೋ ಕಳೆಯಬೇಕಾಗುತ್ತದೆ. ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಖೋಲಿಯಲ್ಲಿ ಅದು ಸಾಧ್ಯವೇ? 2013ರ ಆಹಾರ ಭದ್ರತಾ ಕಾಯಿದೆಯಂತೆ ಸರಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಈ ತರಗತಿಗಳಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನುಳ್ಳ ಮಧ್ಯಾಹ್ನದ ಊಟ ದೊರೆಯುತ್ತದೆ. ರಜೆ ಬಂದಾಗ ಆ ಊಟಕ್ಕೂ ಸಾಮಾನ್ಯವಾಗಿ ರಜೆ!

ಆದುದರಿಂದ ಸಂಜೆಯ ಹಾಗೂ ಬೇಸಿಗೆಯ ಕೇಂದ್ರಗಳು ಅವಶ್ಯಕ. ಒಂದು ಕೋಣೆ, ಒಬ್ಬ ಶಿಕ್ಷಕಿ, ಒಂದು ಗಂಟೆ ಪಾಠ, ಒಂದು ಗಂಟೆ ಆಟ, ನಡುವೆ ಉಸಳಿಯೋ ಬಾಳೆಹಣ್ಣೋ, ಇಷ್ಟೇ ಬಂಡವಾಳ. ಕೋಣೆಯನ್ನು ಸಂಘಗಳು ಕೊಡಬಲ್ಲವು. ಬಹಳಷ್ಟು ಸಭಾಗೃಹಗಳು ವಾರದ ದಿನಗಳಲ್ಲಿ ಬರಿದಾಗಿಯೇ ಇರುತ್ತವೆ. ಹಗಲು ಹೋಟೆಲುಗಳಲ್ಲಿ ದುಡಿದ ಹುಡುಗರಿಗೆ ರಾತ್ರಿಶಾಲೆ ನಡೆಸಿದ ಮುಂಬಯಿ ಕನ್ನಡಿಗರಿಗೆ ಈ ಕೆಲಸ ಹೊಸದೇನಲ್ಲ.

ತೊಡಕು ಇರುವುದು ಅನುದಾನದ ಸ್ವರೂಪದಲ್ಲಿ. ದಾನಿಗಳಿಗೆ ಕಣ್ಣಿಗೆ ಕಾಣುವ ವಸ್ತುವಿನ ಮೇಲೆ ಒಲವು. ಕಂಪ್ಯೂಟರಿನ ಮೇಲೆ ಹೆಸರು ಬರೆಸಬಹುದು, ಶಿಕ್ಷಕಿಯ ಸಂಬಳದ ಮೇಲೆ ಬರೆಸಲಾಗದು. ಸಂಬಳವೆಂದರೆ ಆಡಳಿತ ವೆಚ್ಚವೆಂಬ ಶಂಕೆಯೂ ಉಂಟು. ಇದು ತಪ್ಪು ತಿಳಿವಳಿಕೆ. ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಯಮಗಳು ಶೇಕಡಾ 5ರ ಮಿತಿ ಹಾಕಿರುವುದು ಕಂಪೆನಿಯ ಸಾಮಾನ್ಯ ಆಡಳಿತ ವೆಚ್ಚಕ್ಕೆ. ಯೋಜನೆಯನ್ನು ನಡೆಸಲು ನೇರವಾಗಿ ತಗಲುವ ವೆಚ್ಚ ಅದರಲ್ಲಿ ಸೇರುವುದಿಲ್ಲ. ಪಾಠ ಹೇಳುವ ಶಿಕ್ಷಕಿಯ ಗೌರವಧನ ಇಂಥ ವೆಚ್ಚವೇ ಸರಿ.

ಇನ್ನೊಂದು ದೋಷ, ಒಂದೇ ವರ್ಷದ ಅನುದಾನ. ಮಗು ಆರನೆಯ ತರಗತಿಯಲ್ಲಿ ಸೇರಿ ಎಂಟನ್ನು ಮುಗಿಸಲು ಮೂರು ವರ್ಷ ಬೇಕು. ಇಂಥ ಕೇಂದ್ರಗಳಿಗೆ ಸರಕಾರವೇ ಧನಸಹಾಯ ನೀಡುವ ಅಮೆರಿಕದಲ್ಲಿ ಅನುದಾನದ ಅವಧಿ ಮೂರರಿಂದ ಐದು ವರ್ಷ. ಅಲ್ಲಿಯೂ 2025ರ ಜುಲೈನಲ್ಲಿ ಕೇಂದ್ರ ಸರಕಾರ ಆ ಹಣವನ್ನು ಕೆಲಕಾಲ ತಡೆಹಿಡಿದಾಗ ಕೇಂದ್ರಗಳು ಕಳವಳಕ್ಕೊಳಗಾದವು. ಒಂದೇ ಕೈಯನ್ನು ನಂಬಬಾರದೆಂಬುದೇ ಇದರ ಪಾಠ.

ಸಂಘಗಳು ಮೂರು ವರ್ಷದ ಅಂದಾಜುಪತ್ರವನ್ನು ಸಿದ್ಧಪಡಿಸಿ, ಒಂದು ಪಾಲನ್ನು ಸದಸ್ಯರಿಂದ, ಇನ್ನೊಂದನ್ನು ಕಂಪೆನಿಗಳಿಂದ ಕೇಳಲಿ. ಪ್ರತ್ಯೇಕ ಖಾತೆ, ಪ್ರತಿದಿನದ ಹಾಜರಿ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ಇದ್ದರೆ ದಾನಿಗಳ ವಿಶ್ವಾಸ ತಾನಾಗಿ ಬರುತ್ತದೆ. ಹತ್ತನೆಯ ತರಗತಿಯ ಬಹುಮಾನ ನಿಲ್ಲಬೇಕಾಗಿಲ್ಲ. ಆ ವೇದಿಕೆಯವರೆಗೆ ಇನ್ನಷ್ಟು ಮಕ್ಕಳು ನಡೆದು ಬರುವಂತಾಗಬೇಕು.